ಮೇಲೆ ಥಳುಕು, ಒಳಗೆ ಹುಳುಕು: ಹಳೇ ಟಿಲ್ಲರ್ ವ್ಯಾಪಾರದ ಒಳಗುಟ್ಟು

ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನ ಗತ್ತೇ ಬೇರೆ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಸುಳಿ ನೋಡುತ್ತಾನೆ, ಬಾಲ ಎಳೆದು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಗೊರಸು ಊರುವ ರೀತಿ ಗಮನಿಸುತ್ತಾನೆ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುತ್ತಾನೆ. ದಳ್ಳಾಳಿ ಎಷ್ಟೇ ಬಾಯಿಮಾತಿನವನಾದರೂ ಎತ್ತಿನ ವಿಚಾರದಲ್ಲಿ ರೈತನ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭವಲ್ಲ. ಅದೇ ರೈತ ಹಳೇ ಪವರ್ ಟಿಲ್ಲರ್ ಕೊಳ್ಳಲು ಹೋದಾಗ ಏನು ನೋಡುತ್ತಾನೆ? ಬಣ್ಣ!

ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ, ಪಕ್ಕದ ಚನ್ನಗಿರಿ ಸೀಮೆಯಲ್ಲಿ ಮುಂಗಾರಿಗೆ ಮುಂಚಿನ ಎರಡು ತಿಂಗಳು ಹಳೇ ಟಿಲ್ಲರು, ಸಣ್ಣ ಟ್ರಾಕ್ಟರುಗಳದ್ದೇ ಮಾತು. ಗ್ಯಾರೇಜಿನ ಮುಂದೆ, ಪೆಟ್ರೋಲ್ ಬಂಕಿನ ಪಕ್ಕದ ಮರದಡಿ, ಮದುವಣಗಿತ್ತಿಯ ಹಾಗೆ ಶೃಂಗಾರ ಮಾಡಿಸಿಕೊಂಡು ನಿಂತಿರುತ್ತವೆ. “ನೋಡಿ ಗೌಡ್ರೆ, ಒಂದೇ ಕೈ ಓಡ್ಸಿದ್ದು. ಬರೀ ತೋಟದ ಕೆಲ್ಸ, ಗದ್ದೆಗೆ ಇಳ್ಸೇ ಇಲ್ಲ” ಎಂಬ ಮಾತು ಪ್ರತಿಯೊಂದು ಯಂತ್ರದ ಜೊತೆಗೂ ಪುಕ್ಕಟೆಯಾಗಿ ಸಿಗುತ್ತದೆ. ಗದ್ದೆಗೇ ಇಳಿಯದ ಟಿಲ್ಲರು ಈ ಭಾಗದಲ್ಲಿ ಇಷ್ಟೊಂದು ಇದ್ದಾವೆಂದರೆ ಭದ್ರಾ ನಾಲೆಯ ಕೆಳಗಿನ ಗದ್ದೆಗಳನ್ನೆಲ್ಲ ಇಷ್ಟು ವರ್ಷ ಯಾರು ಕೆಸರು ಮಾಡಿದರೋ, ದೇವರೇ ಬಲ್ಲ.

ಹಳೇ ಯಂತ್ರಕ್ಕೆ ಇಷ್ಟು ಗಿರಾಕಿ ಯಾಕೆ ಎಂಬುದರಲ್ಲಿ ಗುಟ್ಟೇನಿಲ್ಲ. ಹೊಸ ಟಿಲ್ಲರಿಗೆ ಎರಡು ಲಕ್ಷದ ಆಸುಪಾಸು ಬೇಕು. ಎರಡೆಕರೆ ತೋಟದವನಿಗೆ ಅದು ಸಣ್ಣ ಮೊತ್ತವಲ್ಲ. ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೊಟ್ಟು ಪೂರೈಸುವುದಿಲ್ಲ. ಮಲೆನಾಡಿನ ಹಳೇ ತೋಟಗಳಲ್ಲಿ ಬಸಿಗಾಲುವೆಗಳ ನಡುವೆ ಯಂತ್ರ ಆಡುವುದು ಕಷ್ಟ. ಆದರೆ ಬಯಲಿನಲ್ಲಿ ಎಬ್ಬಿಸಿದ ಹೊಸ ಅಡಿಕೆ ತೋಟಗಳಲ್ಲಿ ಒಂಬತ್ತಡಿಗೆ ಒಂಬತ್ತಡಿ ಅಂತರ. ದೊಡ್ಡ ಟ್ರಾಕ್ಟರು ಅಲ್ಲಿ ತಿರುಗುವ ಹೊತ್ತಿಗೆ ನಾಲ್ಕು ಮರದ ತೊಗಟೆ ಹಾರಿರುತ್ತದೆ. ನಾಲ್ಕಡಿಯೊಳಗಿನ ಸಣ್ಣ ಟ್ರಾಕ್ಟರು ಅಥವಾ ಕೈಯಲ್ಲಿ ಹಿಡಿದು ನಡೆಸುವ ಟಿಲ್ಲರು, ಇವೆರಡೇ ಗತಿ. (ಟಿಲ್ಲರು ಬಂತೆಂದು ಅಡಿಕೆ ಬುಡದವರೆಗೂ ಆಳವಾಗಿ ರೋಟರಿ ಬಿಡುವವರಿದ್ದಾರೆ. ಅಡಿಕೆಯ ಬೇರು ಮೇಲ್ಮಣ್ಣಿನಲ್ಲೇ ಹರಡುವಂಥದ್ದು. ಕಳೆ ಸಾಯುತ್ತದೆ ನಿಜ, ಜೊತೆಗೆ ಬೇರೂ ಕತ್ತರಿಸುತ್ತದೆ. ಆಮೇಲೆ ಹಿಂಗಾರ ಒಣಗಿತೆಂದು ಔಷಧಿ ಅಂಗಡಿಗೆ ಅಲೆಯುವುದು ಬೇರೆ ಕಥೆ.)

ಟಿಲ್ಲರು ಕನ್ನಡಿಗರಿಗೆ ಹೊಸ ಪ್ರಾಣಿಯಲ್ಲ. 1967ರಲ್ಲೇ ಬೆಂಗಳೂರಿನಲ್ಲಿ ವಿಎಸ್‌ಟಿ ಕಂಪನಿ ಜಪಾನಿನ ಮಿಟ್ಸುಬಿಷಿಯ ಸಹಯೋಗದಲ್ಲಿ ಶುರುವಾಯಿತು. 1973ರಲ್ಲಿ ಕೇರಳ ಸರ್ಕಾರದ ಕ್ಯಾಮ್ಕೊ ಅತ್ತಾಣಿಯಲ್ಲಿ ಹುಟ್ಟಿತು, ಅದರ ಎಂಜಿನ್ನಿನ ಮೂಲ ಜಪಾನಿನದೇ ಆದ ಕುಬೋಟ. ಮಿಟ್ಸುಬಿಷಿ ಶಕ್ತಿ ಎಂಬ ಹೆಸರನ್ನು ಇವತ್ತಿಗೂ ಹಳ್ಳಿಯ ಹಿರಿಯರು ಮನೆಯ ಎತ್ತಿನ ಹೆಸರಿನಷ್ಟೇ ಸಲಿಗೆಯಿಂದ ಹೇಳುತ್ತಾರೆ. ಮಲಗಿಸಿದ ಒಂದೇ ಸಿಲಿಂಡರು, ಡೀಸೆಲ್ಲು, ಕೈಯಲ್ಲಿ ಹ್ಯಾಂಡಲ್ ಹೊಡೆದು ಎಬ್ಬಿಸುವ ಎಂಜಿನ್ನು. ಕಂಪ್ಯೂಟರಿಲ್ಲ, ಸೆನ್ಸಾರಿಲ್ಲ. ಸ್ಪ್ಯಾನರು ಹಿಡಿಯಲು ಬರುವ ಯಾರಾದರೂ ಬಿಚ್ಚಬಹುದು. ಬಿಚ್ಚಿದ್ದನ್ನು ಸರಿಯಾಗಿ ಕೂಡಿಸಬಲ್ಲವರು ಮಾತ್ರ ಕಡಿಮೆಯಾಗುತ್ತಿದ್ದಾರೆ. ತೊಂದರೆ ಇರುವುದೇ ಅಲ್ಲಿ.

ಈ ಜನ್ಮದ ಯಂತ್ರ ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ವರ್ಷ ದುಡಿಯುತ್ತದೆ. ಆದ್ದರಿಂದ ಹಳೇದನ್ನು ಕೊಳ್ಳುವುದು ತಪ್ಪಲ್ಲ. ಕುರುಡಾಗಿ ಕೊಳ್ಳುವುದು ತಪ್ಪು.

ದಳ್ಳಾಳಿಗಳ ಮೊದಲನೇ ಕೈಚಳಕ ಬಹಳ ಸರಳ. ಗಿರಾಕಿ ಹತ್ತು ಗಂಟೆಗೆ ಬರುತ್ತಾನೆಂದರೆ ಒಂಬತ್ತಕ್ಕೇ ಎಂಜಿನ್ನು ಓಡಿಸಿ ಬಿಸಿ ಮಾಡಿ ನಿಲ್ಲಿಸಿರುತ್ತಾರೆ. ಬಿಸಿ ಎಂಜಿನ್ನು ಎಂಥ ಸವೆದದ್ದಾದರೂ ಒಂದೇ ಏಟಿಗೆ ಹೊತ್ತಿಕೊಳ್ಳುತ್ತದೆ. “ಕಂಡ್ರಾ, ಒಂದೇ ಹ್ಯಾಂಡ್ಲು!” ಎಂದು ಎದೆಯುಬ್ಬಿಸುತ್ತಾರೆ. ಬುದ್ಧಿವಂತನಾದವನು ಹೋದ ಕೂಡಲೇ ಬೆಲೆ ಕೇಳುವುದಿಲ್ಲ, ಎಂಜಿನ್ನಿನ ಮೈ ಮುಟ್ಟಿ ನೋಡುತ್ತಾನೆ. ಬೆಚ್ಚಗಿದ್ದರೆ “ಚಾ ಕುಡ್ಕೊಂಡ್ ಬರ್ತೀನಿ” ಎಂದು ಹೋಗಿ ಎರಡು ತಾಸು ಬಿಟ್ಟು ಬರುತ್ತಾನೆ. ಇಲ್ಲವೇ ಮಾರನೇ ದಿನ ಬೆಳಿಗ್ಗೆ ಹೇಳದೇ ಕೇಳದೇ ಹೋಗಿ ನಿಲ್ಲುತ್ತಾನೆ. ತಣ್ಣಗಿನ ಎಂಜಿನ್ನು ಸುಳ್ಳು ಹೇಳುವುದಿಲ್ಲ.

ಎರಡನೆಯದು ಬಣ್ಣ. ಹೊಸ ಬಣ್ಣದ ಕೆಳಗೆ ಬೋಲ್ಟಿನ ತಲೆ ನೋಡಬೇಕು. ಮೂಲೆಗಳು ಸವೆದು ದುಂಡಗಾಗಿದ್ದರೆ ಆ ಜಾಗಕ್ಕೆ ಎಷ್ಟು ಸಲ ಸ್ಪ್ಯಾನರು ಬಿದ್ದಿದೆ ಎಂಬುದು ಗೊತ್ತಾಗುತ್ತದೆ. ಗೇರ್ ಬಾಕ್ಸಿನ ಕೀಲಿನಲ್ಲಿ ಬಿಳಿ ಪೇಸ್ಟು ಉಕ್ಕಿ ನಿಂತಿದ್ದರೆ ಅದು ಮೊನ್ನೆ ಮೊನ್ನೆ ಬಿಚ್ಚಿ ಮುಚ್ಚಿದ್ದು. ಸದ್ದಡಗಿಸಲು ಆಯಿಲ್ಲಿನ ಜೊತೆ ಗ್ರೀಸು ತುಂಬಿ ಕಳಿಸುವ ಮಹಾನುಭಾವರೂ ಇದ್ದಾರೆ. ಗೇರ್ ಆಯಿಲ್ ಹಾಕುವ ಬಿರಡೆ ಬಿಚ್ಚಿ ಒಂದು ಕಡ್ಡಿ ಅದ್ದಿ ನೋಡಿದರೆ ಬಂಡವಾಳ ಬಯಲು. ಆಯಿಲ್ಲು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿದ್ದರೆ ಒಳಗೆ ನೀರು ಹೋಗಿದೆ ಎಂದೇ ಅರ್ಥ. ಗದ್ದೆಗೆ ಇಳಿಸೇ ಇಲ್ಲ ಎಂದ ದಳ್ಳಾಳಿಯ ಮುಖವನ್ನು ಆಗ ನೋಡಬೇಕು! ಕೆಸರು ಗದ್ದೆಯಲ್ಲಿ ಓಡಿದ ಟಿಲ್ಲರಿನಲ್ಲಿ ಚಕ್ರದ ಆಕ್ಸಲ್ ಹತ್ತಿರದ ಆಯಿಲ್ ಸೀಲುಗಳು, ರೋಟರಿಯ ಚೈನ್ ಕೇಸಿನ ಸೀಲುಗಳು ಮೊದಲು ಹೋಗುತ್ತವೆ. ಅಲ್ಲಿಂದ ಮಣ್ಣುನೀರು ಒಳಗೆ ನುಗ್ಗಿ ಬೇರಿಂಗುಗಳನ್ನು ತಿನ್ನುತ್ತದೆ. ಸೀಲಿಗೆ ಹೋಗುವ ದುಡ್ಡು ಪುಡಿಗಾಸು. ಅದನ್ನು ಹಾಕದೇ ಬಿಟ್ಟ ತಪ್ಪಿಗೆ ಗೇರ್ ಬಾಕ್ಸೇ ದಂಡ.

ಕಂಪ್ರೆಷನ್ ಪರೀಕ್ಷೆಗೆ ಯಾವ ಮೀಟರೂ ಬೇಕಿಲ್ಲ. ಹ್ಯಾಂಡಲ್ ಹೊಡೆಯುವಾಗ ಎತ್ತುವ ಡಿಕಂಪ್ರೆಷನ್ ಲಿವರನ್ನು ಎತ್ತದೇ ಮೆಲ್ಲಗೆ ತಿರುಗಿಸಿದರೆ ಒಂದು ಕಡೆ ಬಂದು ಕೈಗೆ ಗಟ್ಟಿಯಾಗಿ ತಡೆಯಬೇಕು, ಸ್ಪ್ರಿಂಗಿನ ಹಾಗೆ ಹಿಂದಕ್ಕೆ ತಳ್ಳಬೇಕು. ಬಾವಿಯ ರಾಟೆಯಂತೆ ಸಲೀಸಾಗಿ ತಿರುಗಿದರೆ ರಿಂಗು, ಲೈನರು, ವಾಲ್ವು, ಮೂರರಲ್ಲಿ ಒಂದಂತೂ ಹೋಗಿದೆ. ಮೂರೂ ಹೋಗಿದ್ದರೆ ಆಶ್ಚರ್ಯವಿಲ್ಲ. ಓಡುವಾಗ ಹೊಗೆಯ ಬಣ್ಣ ನೋಡಬೇಕು. ನೀಲಿ ಹೊಗೆ ಬಂದರೆ ಎಂಜಿನ್ನು ಆಯಿಲ್ ಕುಡಿಯುತ್ತಿದೆ. ಕಪ್ಪಾದರೆ ನಾಜಲ್ಲೋ ಪಂಪೋ ಕೆಟ್ಟಿದೆ, ಇಲ್ಲವೇ ಏರ್ ಕ್ಲೀನರು ಕಟ್ಟಿದೆ. ಕಡೆಯದ್ದಾದರೆ ಪುಣ್ಯ, ಸೀಮೆಎಣ್ಣೆಯಲ್ಲಿ ತೊಳೆದರೆ ಮುಗಿಯಿತು. ಚಳಿಯಲ್ಲಿ ಒಂದೆರಡು ನಿಮಿಷ ಬಿಳಿ ಹೊಗೆ ಬಂದರೆ ಹೆದರಬೇಕಿಲ್ಲ. ಬಿಸಿಯಾದ ಮೇಲೂ ಬರುತ್ತಿದ್ದು ನೀರಿನ ಟ್ಯಾಂಕಿನಲ್ಲಿ ಗುಳುಗುಳು ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ.

ಏರ್ ಕ್ಲೀನರಿನ ಮಾತು ಬಂದಿದ್ದರಿಂದ ಇನ್ನೊಂದು ವಿಷಯ. ಹಳೇ ಯಂತ್ರದ ಒಡೆಯ ಎಂಥವನು ಎಂದು ತಿಳಿಯಲು ಬೇರೆಲ್ಲೂ ನೋಡಬೇಕಾಗಿಲ್ಲ, ಏರ್ ಕ್ಲೀನರಿನ ತಳದ ಬಟ್ಟಲು ಬಿಚ್ಚಿ ನೋಡಿದರೆ ಸಾಕು. ಅದರಲ್ಲಿ ಆಯಿಲ್ ಇರಬೇಕು, ಆ ಆಯಿಲ್ಲಿನಲ್ಲಿ ಧೂಳು ಇಳಿಯಬೇಕು, ಅದನ್ನು ಕಾಲಕಾಲಕ್ಕೆ ಚೆಲ್ಲಿ ಹೊಸದು ಹಾಕಬೇಕು. ಬಟ್ಟಲು ಒಣಗಿದ್ದರೆ ಇಷ್ಟು ವರ್ಷ ಎಂಜಿನ್ನು ಧೂಳನ್ನೇ ಉಸಿರಾಡಿದೆ. ಲೈನರು ಸವೆಯುವುದು ಕೆಲಸದಿಂದಲ್ಲ, ಧೂಳಿನಿಂದ. ಹಿರಿಯ ಮೆಕ್ಯಾನಿಕ್ಕುಗಳು ಮೊದಲು ಕೈ ಹಾಕುವುದೇ ಇಲ್ಲಿಗೆ. ಬಟ್ಟಲು ನೋಡಿ, ಎಂಜಿನ್ನು ಚಾಲೂ ಮಾಡದೇ, ತಲೆಯಾಡಿಸಿ ಹೊರಟುಬಿಡುತ್ತಾರೆ.

ಸಣ್ಣ ಟ್ರಾಕ್ಟರಾದರೆ ಗಂಟೆ ತೋರಿಸುವ ಮೀಟರನ್ನು ನಂಬುವಂತಿಲ್ಲ, ಅದರ ಕೇಬಲ್ ಎಂದೋ ಕಿತ್ತಿರುತ್ತದೆ. ಕ್ಲಚ್ ಪೆಡಲಿನ ರಬ್ಬರು, ಸ್ಟೇರಿಂಗಿನ ನುಣುಪು ನಿಜ ಹೇಳುತ್ತವೆ. ಹಿಂದೆ ರೋಟಾವೇಟರು ಕಟ್ಟಿಸಿ, ಮೇಲಕ್ಕೆತ್ತಿಸಿ, ಎಂಜಿನ್ನು ನಿಲ್ಲಿಸಿ, ಒಂದು ಬೀಡಿ ಸೇದುವಷ್ಟು ಹೊತ್ತು ಕಾಯಬೇಕು. ಬೀಡಿ ಮುಗಿಯುವುದರೊಳಗೆ ಅದು ನೆಲ ಮುಟ್ಟಿದರೆ ಹೈಡ್ರಾಲಿಕ್ಕಿನ ಸೀಲು ಹೋಗಿದೆ. ಹಳೇ ಎಚ್‌ಎಂಟಿ ಸಿಕ್ಕಿತೆಂದು ಹಿಗ್ಗುವವರು ಒಂದನ್ನು ನೆನಪಿಡಬೇಕು. 1971ರಿಂದ ಟ್ರಾಕ್ಟರು ಮಾಡಿದ ಆ ಸರ್ಕಾರಿ ಕಾರ್ಖಾನೆಯ ಟ್ರಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲೇ ಒಪ್ಪಿಗೆ ಕೊಟ್ಟಾಗಿದೆ. ಕಬ್ಬಿಣ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿಡಿಭಾಗಕ್ಕೆ ಖಾಸಗಿಯವರು ಮಾಡಿದ್ದನ್ನೋ ಗುಜರಿಯನ್ನೋ ನೆಚ್ಚಬೇಕು.

ಚೀನಾದ ಟಿಲ್ಲರುಗಳದ್ದಂತೂ ಅನಾಥ ಮಕ್ಕಳ ಪಾಡು. ಅಗ್ಗವೆಂದು ನಾನಾ ಹೆಸರಿನಲ್ಲಿ ಬಂದವು. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಟಿಲ್ಲರು ಮತ್ತು ಅದರ ಭಾಗಗಳ ಆಮದಿಗೆ ಲೈಸೆನ್ಸಿನ ಕಟ್ಟು ಹಾಕಿತು. ದೇಶದೊಳಗಿನ ಕಾರ್ಖಾನೆಗೆ ಒಳ್ಳೆಯದಾಗಿರಬಹುದು. ಆದರೆ ಅದಕ್ಕೆ ಮುಂಚೆ ಬಂದು ಹಟ್ಟಿ ಸೇರಿದ ಯಂತ್ರಗಳ ಗತಿ? ಹೆಸರು ಗೊತ್ತಿಲ್ಲದ, ಬಿಡಿಭಾಗ ಎಲ್ಲಿ ಸಿಗುತ್ತದೆಂದು ಮಾರುವವನೇ ಹೇಳಲಾರದ ಯಂತ್ರವನ್ನು ಅರ್ಧ ಬೆಲೆಗೆ ಕೊಟ್ಟರೂ ಮುಟ್ಟಬಾರದು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಇಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಇಲ್ಲ ಎಂದಮೇಲೆ ಲೇತಿನವನ ಕಾಲು ಹಿಡಿಯುವುದೊಂದೇ ದಾರಿ.

ಕಾಗದಪತ್ರದ ವಿಚಾರದಲ್ಲಿ ರೈತರದ್ದು ಇನ್ನೂ ಉದಾಸೀನ. “ಊರೋನೇ ಅಲ್ವಾ, ಆಮೇಲ್ ಮಾಡ್ಸಿದ್ರಾಯ್ತು” ಎಂದು ಬಾಂಡ್ ಪೇಪರಿನ ಮೇಲೆ ರುಜು ಹಾಕಿ ಕೈ ತೊಳೆಯುತ್ತಾರೆ. ಟ್ರಾಕ್ಟರಾದರೆ ನಮೂನೆ 29 ಮತ್ತು 30 ಭರ್ತಿಯಾಗಬೇಕು, ಸಾಲವಿದ್ದರೆ ಬ್ಯಾಂಕಿನಿಂದ ನಮೂನೆ 35 ಬರಬೇಕು, ಬೇರೆ ಆರ್‌ಟಿಒ ವ್ಯಾಪ್ತಿಯದಾದರೆ ನಮೂನೆ 28ರ ನಿರಾಕ್ಷೇಪಣೆ ಬೇಕು. ರಾಜ್ಯದೊಳಗೇ ಮಾರಿದರೆ ಮಾರಿದವನು 14 ದಿನದಲ್ಲಿ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಮು ಹೇಳುತ್ತದೆ. ಇದು ಕೊಳ್ಳುವವನ ತಲೆನೋವು ಮಾತ್ರ ಅಂದುಕೊಂಡರೆ ಮೋಸ. ವಾಹನ ಎಷ್ಟು ಕೈ ದಾಟಿದರೂ ಕಚೇರಿಯ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವನೇ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮಾರಿ ದುಡ್ಡು ಎಣಿಸಿಕೊಂಡು ಮಲಗಿದವನ ಮನೆಬಾಗಿಲಿಗೆ ಮೂರು ವರ್ಷದ ಮೇಲೆ ಕೋರ್ಟಿನ ನೋಟೀಸು ಬಂದರೆ ಯಾರನ್ನು ಬಯ್ಯುವುದು? ಸಹಾಯಧನದಲ್ಲಿ ಪಡೆದ ಯಂತ್ರವಾದರೆ ಇಂತಿಷ್ಟು ವರ್ಷ ಮಾರುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟಿರುವುದೂ ಉಂಟು. ಅದನ್ನೂ ಕೇಳಿ ತಿಳಿಯಬೇಕು. ಎಂಜಿನ್ ನಂಬರು, ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಪುಸ್ತಕದ ಜೊತೆ ತಾಳೆ ನೋಡಲು ಐದು ನಿಮಿಷ ಸಾಕು.

ಇದೆಲ್ಲ ರೈತನೇ ನೋಡಿಕೊಳ್ಳಬೇಕಾದ ಮಾತಾಯಿತು. ಸರ್ಕಾರ ನೋಡಬೇಕಾದದ್ದು ಏನೂ ಇಲ್ಲವೇ?

ಹೊಸ ಯಂತ್ರ ಕೊಳ್ಳುವವನಿಗೆ ಕೃಷಿ ಇಲಾಖೆ ಸಹಾಯಧನ ಕೊಡುತ್ತದೆ. ಸಾಮಾನ್ಯ ವರ್ಗದವರಿಗೆ ಬೆಲೆಯ ಅರ್ಧದವರೆಗೆ, ಪರಿಶಿಷ್ಟರಿಗೆ ನೂರಕ್ಕೆ 90ರವರೆಗೆ, ಗರಿಷ್ಠ ಮಿತಿಯೊಳಗೆ. ಒಳ್ಳೆಯದೇ. 2014-15ರಲ್ಲಿ ಶುರುವಾದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಬಾಡಿಗೆಗೂ ಯಂತ್ರ ಸಿಗುತ್ತದೆ. ಅದೂ ಒಳ್ಳೆಯದೇ, ಎಲ್ಲರಿಗೂ ಒಂದೇ ವಾರದಲ್ಲಿ ಮಳೆ ಬೀಳದೇ ಇದ್ದರೆ! 2025ರ ಸೆಪ್ಟೆಂಬರಿನಲ್ಲಿ ಕೃಷಿ ಯಂತ್ರಗಳ ಜಿಎಸ್‌ಟಿ 12ರಿಂದ 5ಕ್ಕೆ ಇಳಿಯಿತು. 2 ಲಕ್ಷ ಮೂಲಬೆಲೆಯ ಯಂತ್ರಕ್ಕೆ ತೆರಿಗೆಯಲ್ಲೇ 14 ಸಾವಿರ ಉಳಿಯಿತು. ಹೊಸದರ ಬೆಲೆ ಇಳಿದಾಗ ಹಳೇದರ ಬೆಲೆಯೂ ಇಳಿಯಬೇಕೆಂಬುದು ಲೋಕರೂಢಿ. ದಳ್ಳಾಳಿ ತಾನಾಗಿ ಈ ಲೆಕ್ಕ ಹೇಳುವುದಿಲ್ಲ, ಗಿರಾಕಿಯೇ ಬಾಯಿಬಿಟ್ಟು ಕೇಳಬೇಕು.

ಆದರೆ ಹಟ್ಟಿಯಲ್ಲಿ ಕೆಟ್ಟು ನಿಂತ ಯಂತ್ರದ ರಿಪೇರಿಗೆ? ಅದಕ್ಕೆ ಯಾವ ಯೋಜನೆಯ ಕಡತವೂ ತೆರೆಯುವುದಿಲ್ಲ. ಎರಡು ಲಕ್ಷದ ಹೊಸ ಯಂತ್ರಕ್ಕೆ ಸರ್ಕಾರದ ಹಣ ಉಂಟು, ಹಳೇದನ್ನು ಎಬ್ಬಿಸುವ ಲೈನರು-ಪಿಸ್ಟನ್ ಸೆಟ್ಟಿಗೆ ಬಿಡಿಗಾಸಿಲ್ಲ. ಸೇಲ್ಸಿನವರು “ಹಳೇದ್ ಯಾಕ್ ಸ್ವಾಮಿ, ಹೊಸದ್ ತಗೊಳ್ಳಿ” ಎನ್ನುತ್ತಾರೆ. ಅವರು ಮಾರಲಿಕ್ಕೆ ಕೂತವರು, ಅನ್ನಲಿ. ಇಲಾಖೆಯೂ ಅದೇ ರಾಗ ಹಾಡಿದರೆ ಹೇಗೆ? ಒಪ್ಪತಕ್ಕ ಮಾತೂ ಒಂದಿದೆ: ಕ್ರ್ಯಾಂಕು, ಗೇರ್ ಬಾಕ್ಸು ಎರಡೂ ಹೋದ ಯಂತ್ರಕ್ಕೆ ದುಡ್ಡು ಸುರಿಯುವುದಕ್ಕಿಂತ ಗುಜರಿಗೆ ತೂಕಕ್ಕೆ ಹಾಕುವುದು ಜಾಣತನ. ಅಂಥದ್ದು ಯಾವುದು, ಮೂರು ಸೀಲು ಮತ್ತು ಒಂದು ಸೆಟ್ ರಿಂಗಿನಲ್ಲಿ ಏಳುವಂಥದ್ದು ಯಾವುದು ಎಂದು ಹೇಳಬಲ್ಲ ಮನುಷ್ಯ ಬೇಕಲ್ಲ!

ಆ ಮನುಷ್ಯರು ಮುದುಕರಾಗುತ್ತಿದ್ದಾರೆ. ಗದ್ದೆಯ ಬದುವಿನ ಮೇಲೆ ಗೋಣಿಚೀಲ ಹಾಸಿ ಎಂಜಿನ್ನು ಬಿಚ್ಚಿ ಕಲಿತ ತಲೆಮಾರು ಅದು. ಎಂಜಿನ್ನಿನ ಸದ್ದು ಕೇಳಿ ಕಾಯಿಲೆ ಹೇಳುತ್ತಿದ್ದವರಿಗೆ ಈಗ ಕಣ್ಣು ಮಂಜು, ಸೊಂಟ ನೋವು. ಮಕ್ಕಳು ಬೈಕು, ಕಾರಿನ ಕಡೆ ಹೋದರು, ಅಲ್ಲಿ ನೆರಳಿದೆ, ನಗದು ಇದೆ. ಟಿಲ್ಲರಿನವನು ದುಡ್ಡು ಕೊಡುವುದು ಅಡಿಕೆ ಮಾರಿದ ಮೇಲೆ! ಅದನ್ನೂ ಹೇಳಲೇಬೇಕು. ಮೆಕ್ಯಾನಿಕ್ಕಿಗೆ ವರ್ಷಗಟ್ಟಲೆ ಸಾಲ ಹೇಳುವ ರೈತನೇ ಮೆಕ್ಯಾನಿಕ್ಕು ಸಿಗುವುದಿಲ್ಲವೆಂದು ದೂರುವುದು ನ್ಯಾಯವಲ್ಲ.

ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್, ಟ್ರಾಕ್ಟರ್ ಮೆಕ್ಯಾನಿಕ್ ಕೋರ್ಸುಗಳಿವೆ. ಗಡಿಯಾಚೆ ಅನಂತಪುರದ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯೇ ಇದೆ, ದಕ್ಷಿಣದ ರಾಜ್ಯಗಳಿಗೆಂದೇ. ಪ್ರತಿ ಏಪ್ರಿಲ್‌ನಲ್ಲಿ ಹೋಬಳಿಗೊಂದು ರೈತ ಸಂಪರ್ಕ ಕೇಂದ್ರದ ಅಂಗಳದಲ್ಲಿ ಮೂರು ದಿನದ ರಿಪೇರಿ ಶಿಬಿರ ಇಟ್ಟರೆ ಗಂಟೇನು ಹೋಗುತ್ತದೆ? ಇಬ್ಬರು ಹಿರಿಯ ಮೆಕ್ಯಾನಿಕ್ಕುಗಳಿಗೆ ದಿನಭತ್ಯೆ ಕೊಟ್ಟು ಕರೆಸಲಿ, ಅವರ ಕೈಕೆಳಗೆ ಹತ್ತು ಐಟಿಐ ಹುಡುಗರು ನಿಲ್ಲಲಿ. ರೈತ ತಂದ ಯಂತ್ರ ನೋಡಿ, ಏನು ಹೋಗಿದೆ, ಎಷ್ಟು ಖರ್ಚು, ಮಾಡಿಸಬಹುದೋ ಬೇಡವೋ ಎಂದು ಒಂದು ಚೀಟಿ ಬರೆದುಕೊಡಲಿ. ಹಳೇದು ಕೊಳ್ಳುವವನೂ ಮಾರುವವನೂ ಅದೇ ಚೀಟಿ ಮುಂದಿಟ್ಟುಕೊಂಡು ಬೆಲೆ ಮಾತಾಡಲಿ. ಎಪಿಎಂಸಿ ಅಂಗಳದಲ್ಲಿ ದನದ ಸಂತೆಯಂತೆ ಯಂತ್ರದ ಸಂತೆ ನಡೆದರೆ ಬೇಡವೆನ್ನುವವರು ದಳ್ಳಾಳಿಗಳು ಮಾತ್ರ.

ಇದೇ ಶಿಬಿರದಲ್ಲಿ ಓಡಿಸುವುದನ್ನೂ ಕಲಿಸಬಹುದು. ಇಳಿಜಾರಿನಲ್ಲಿ ಇಳಿಯುವಾಗ ಬಲಗೈ ಕ್ಲಚ್ ಹಿಡಿದರೆ ಟಿಲ್ಲರು ಬಲಕ್ಕಲ್ಲ, ಎಡಕ್ಕೆ ತಿರುಗುತ್ತದೆ. ಬಿಡುಗಡೆಯಾದ ಬಲಚಕ್ರ ತಾನೇ ಮುಂದೆ ಉರುಳುವುದರಿಂದ ಹೀಗೆ. ಸಮತಟ್ಟು ತೋಟದಲ್ಲಿ ಹತ್ತು ವರ್ಷ ಓಡಿಸಿದವನಿಗೂ ಇದು ಗೊತ್ತಿರುವುದಿಲ್ಲ. ಹಿಂದೆ ಟ್ರೈಲರು ಕಟ್ಟಿ, ಅದರಲ್ಲಿ ಹೆಂಗಸರು ಮಕ್ಕಳನ್ನು ಕೂರಿಸಿಕೊಂಡು ತೀರ್ಥಹಳ್ಳಿ, ಹೊಸನಗರದ ಏರಿಳಿತದ ದಾರಿಯಲ್ಲಿ ಹೋಗುವವನಿಗಂತೂ ಮೊದಲು ಗೊತ್ತಿರಬೇಕು. ಹಿಂದಿನ ದೀಪವಂತೂ ಬಹುತೇಕ ಟ್ರೈಲರುಗಳಿಗೆ ಇರುವುದೇ ಇಲ್ಲ.

ಇನ್ನು ಶಿಕಾರಿಪುರದ ಕಡೆಯ ಒಬ್ಬ ರಂಗಪ್ಪನೋ ತಿಮ್ಮಪ್ಪನೋ ಇದ್ದಾನೆಂದು ಇಟ್ಟುಕೊಳ್ಳಿ. ಮೇ ತಿಂಗಳ ಕೊನೆಗೆ 70 ಸಾವಿರ ಕೊಟ್ಟು ಥಳಥಳಿಸುವ ಟಿಲ್ಲರು ತಂದ. ಅರ್ಧ ಸಾಲ ಸೊಸೈಟಿಯದು, ಅರ್ಧ ಹೆಂಡತಿಯ ಸರ ಅಡವಿಟ್ಟದ್ದು. ಪೂಜೆ ಮಾಡಿಸಿ, ನಿಂಬೆಹಣ್ಣು ಹಾಯಿಸಿ, ತೋಟದಲ್ಲಿ ನಾಲ್ಕು ದಿನ ಓಡಿಸಿದ. ಜುಲೈನಲ್ಲಿ ಗದ್ದೆಗೆ ಇಳಿಸಿದ ಎರಡನೇ ದಿನ ಗೇರ್ ಬಾಕ್ಸು ಕಟಕಟ ಎಂದು ನಿಂತಿತು. ದಳ್ಳಾಳಿಗೆ ಫೋನು ಹಚ್ಚಿದರೆ “ನಾನ್ ಕೊಟ್ಟಾಗ ಸರಿ ಇತ್ತಲ್ಲ ಯಜಮಾನ್ರೆ” ಎಂದ. ಸೀಸನ್ನಿನಲ್ಲಿ ಮೆಕ್ಯಾನಿಕ್ಕು ಹದಿನೈದು ದಿನ ಆಗುತ್ತದೆ ಅಂದ. ಸಸಿಮಡಿಯಲ್ಲಿ ಪೈರು ವಯಸ್ಸು ಮೀರುತ್ತಿತ್ತು. ಗಂಟೆಗಿಷ್ಟು ಎಂದು ಪಕ್ಕದೂರಿನ ಟ್ರಾಕ್ಟರಿಗೆ ಬಾಡಿಗೆ ತೆತ್ತು ನಾಟಿ ಮುಗಿಸಿದ. ಟಿಲ್ಲರು ಈಗ ಕೊಟ್ಟಿಗೆಯ ಪಕ್ಕ ಟಾರ್ಪಾಲು ಹೊದ್ದು ನಿಂತಿದೆ. ಸೀಟಿನ ಕೆಳಗೆ ಕೋಳಿ ಕಾವಿಗೆ ಕೂತಿದೆ. ಸೊಸೈಟಿಯ ಕಂತಿಗೆ ಇನ್ನು ಎರಡು ತಿಂಗಳು ಬಾಕಿ.